ಕೂಗಳತೆ ದೂರ

"ಇವತ್ತು ಏನೂ ಕಾಣಲ್ಲ ಸಾರ್," ಎಂದಳು ಟಿಕೆಟ್ ಕಿಟಕಿಯ ಹಿಂದೆ ಕೂತಿದ್ದ ಹುಡುಗಿ. "ಜೀಪು ಬಿಡ್ತಿಲ್ಲ. ಗುಡ್ಡದ ದಾರಿ ಮುಚ್ಚಿದೀವಿ. ಕೆರೆ ಸುತ್ತ ಹಲಗೆ ದಾರಿ ಇದೆಯಲ್ಲ, ಅದೊಂದೇ ತೆರೆದಿರೋದು. ಬೇಕಾದ್ರೆ ಇನ್ನೊಂದು ದಿನ ಬನ್ನಿ."

ಇನ್ನೊಂದು ದಿನ ಎಲ್ಲಿಂದ ತರುವುದು? ಮೈಕು ಕಿಟಕಿಯ ಕಟ್ಟೆಗೆ ಎರಡೂ ಕೈ ಊರಿಕೊಂಡು ಹಿಂದೆ ನೋಡಿದ. ಎದುರಿನ ಬಸ್ಸು ಕೂಡ ಕಾಣಿಸುತ್ತಿರಲಿಲ್ಲ; ಅದರ ದೀಪಗಳೆರಡು ಮಾತ್ರ ಮಂಜಿನೊಳಗೆ ಮಿಣುಮಿಣು ಅನ್ನುತ್ತಿದ್ದವು. ಹೆಂಡತಿ ಮತ್ತು ಮಗಳು ತಗಡಿನ ಚಪ್ಪರದಡಿ ಫ್ಲಾಸ್ಕು, ಬ್ರೆಡ್ಡಿನ ಚೀಲ ಹಿಡಿದು ನಿಂತಿದ್ದರು. ಹೆಂಡತಿ ಅವನ ಮುಖವನ್ನೇ ನೋಡುತ್ತಿದ್ದಳು.

"ಪರವಾಗಿಲ್ಲಮ್ಮ, ಮೂರು ಕೊಡು," ಎಂದ. ತಾನು ಮೆತ್ತಗೆ ಹೇಳಿದೆ ಎಂದು ಅವನ ಭಾವನೆ. ಗೇಟಿನ ಬುಡದಲ್ಲಿ ಮುದುರಿ ಮಲಗಿದ್ದ ನಾಯಿ ಎದ್ದು ನಿಂತು ಸುತ್ತ ನೋಡಿತು.

ಅವನಿಗೆ ಮೈಕು ಎಂಬ ಹೆಸರು ಬಿದ್ದದ್ದು ತರಕಾರಿ ಮಂಡಿಯಲ್ಲಿ. ಬೆಳಗಿನ ಹರಾಜು ಕೂಗುವುದು ಅವನ ಕೆಲಸ. ಮೂಟೆಗಳ ಮೇಲೆ ಹತ್ತಿ ನಿಂತು "ಎಲೆಕೋಸು, ಎಳೇ ಎಲೆಕೋಸು" ಎಂದು ಒಮ್ಮೆ ಬಾಯಿ ತೆರೆದನೆಂದರೆ, ಆಚೆ ತುದಿಯ ಲಾರಿಯೊಳಗೆ ಗೊರಕೆ ಹೊಡೆಯುತ್ತಿದ್ದ ಕ್ಲೀನರು ಕೂಡ ಎದ್ದು ಕೂರುತ್ತಿದ್ದ. ಒಂದು ಸಲ ಮಂಡಿಯವರು ನಿಜವಾದ ಮೈಕನ್ನೇ ತಂದು ಕಂಬಕ್ಕೆ ಕಟ್ಟಿದ್ದರು. ಎರಡು ದಿನದಲ್ಲಿ ವ್ಯಾಪಾರಿಗಳೇ ಸೇರಿ ಅದನ್ನು ಬಿಚ್ಚಿಸಿದರು. ಇರುವ ಮೈಕು ಒಂದು ಸಾಲದೆಂದು ಇನ್ನೊಂದು ಬೇರೆ ಯಾಕೆ, ಊರವರ ಕಿವಿ ಹಾಳು ಮಾಡಲಿಕ್ಕಾ ಎಂಬುದು ಅವರ ತಕರಾರು.

ಊರವರ ಕಿವಿಗೆ ಏನೂ ಆಗಲಿಲ್ಲ. ಮೂರು ವರ್ಷದ ಹಿಂದೆ ಕಿವಿ ಹೋದದ್ದು ಅವನ ಹೆಂಡತಿಗೆ. ಕೆಟ್ಟ ಜ್ವರವೊಂದು ಬಂದು ಅವಳನ್ನು ಆಸ್ಪತ್ರೆಯಲ್ಲಿ ಮಲಗಿಸಿತು. ಜ್ವರ ಬಿಟ್ಟಿತು, ಜೀವ ಉಳಿಯಿತು, ಆದರೆ ಮನೆಗೆ ಬಂದು ಹೊಲಿಗೆ ಯಂತ್ರದ ಮುಂದೆ ಕೂತು ಪೆಡಲು ತುಳಿದವಳು ಯಂತ್ರ ಕೆಟ್ಟಿದೆ, ಸದ್ದೇ ಬರುತ್ತಿಲ್ಲ ಎಂದಳು. ಬಟ್ಟೆಯ ಮೇಲೆ ಹೊಲಿಗೆ ನೀಟಾಗಿ ಬೀಳುತ್ತಿತ್ತು. ಜ್ವರದ ಮಂಪರು ಎಂದುಕೊಂಡಿದ್ದದ್ದು ಕಿವುಡು ಎಂದು ಆಗ ಗೊತ್ತಾಯಿತು. ಕಿವಿಗೆ ಹಾಕುವ ಯಂತ್ರವೂ ಕೈಹಿಡಿಯಲಿಲ್ಲ; ಅದು ಮಾತನ್ನು ಬಿಟ್ಟು ಬರೀ ಗೊರಗೊರ ಸದ್ದನ್ನು ತಲೆಯೊಳಗೆ ತುಂಬುತ್ತದೆಂದು ಅವಳು ಅದನ್ನು ಗುಂಡಿಗಳ ಡಬ್ಬಿಗೆ ಹಾಕಿಟ್ಟಳು.

ತುಟಿ ನೋಡಿ ಮಾತು ಹಿಡಿಯುವುದನ್ನು ಅವಳೇ ಕಲಿತುಕೊಂಡಳು. ಅದು ಅರ್ಧ ನೋಟ, ಅರ್ಧ ಊಹೆ. ಮಾತಾಡುವವರು ಎದುರಿಗಿರಬೇಕು, ಬೆಳಕು ಅವರ ಮುಖಕ್ಕೆ ಬೀಳುತ್ತಿರಬೇಕು, ಬಾಯಲ್ಲಿ ತುತ್ತಿರಬಾರದು. ಗಂಡನ ವಿಷಯದಲ್ಲಿ ಇನ್ನೊಂದು ತೊಡಕಿತ್ತು, ಮೇಲ್ದುಟಿಯನ್ನು ಪೂರಾ ನುಂಗಿಕೊಂಡಿದ್ದ ಅವನ ಮೀಸೆ. ಅದನ್ನು ಸ್ವಲ್ಪ ಕತ್ತರಿಸಿ ಎಂದು ಅವಳು ಕೇಳಿದ್ದು ಒಂದೇ ಸಲ. ಮಂಡಿಯಲ್ಲಿ ಮೀಸೆಗೆ ಇರುವ ಮರ್ಯಾದೆಯನ್ನು ಅವನು ಒಂದು ಗಂಟೆ ವಿವರಿಸಿದ. ಮೀಸೆಯ ಕಾರಣದಿಂದ ಆ ವಿವರಣೆಯೂ ಅವಳಿಗೆ ತಲುಪಲಿಲ್ಲ.

ಮೊದಲೆಲ್ಲ ಹೀಗಿರಲಿಲ್ಲ. ಮಧ್ಯಾಹ್ನ ಮಂಡಿಯಿಂದ ಬಂದವನು ಕೈಕಾಲು ತೊಳೆದು ಅವಳ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತನೆಂದರೆ ಆಯಿತು, ಆ ದಿನದ ಮಂಡಿ ಪೂರ್ತಿ ಆ ಕೋಣೆಯೊಳಗೆ ಬಂದು ಇಳಿಯುತ್ತಿತ್ತು. ಯಾರು ಯಾರಿಗೆ ಬೈದರು, ಯಾವ ದಲ್ಲಾಳಿಯ ಪಂಚೆಗೆ ಹಸು ಬಾಯಿ ಹಾಕಿತು, ಎಲ್ಲವನ್ನೂ ಅವರವರ ದನಿಯಲ್ಲೇ ಆಡಿ ತೋರಿಸುತ್ತಿದ್ದ. ಅವಳು ಪೆಡಲು ನಿಲ್ಲಿಸಿ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ಕಿವಿ ಹೋದ ಮೇಲೆ ಕೆಲವು ತಿಂಗಳು ಪ್ರಯತ್ನ ಪಟ್ಟ. ಆದರೆ ಒಂದೇ ಹಾಸ್ಯವನ್ನು ಮೂರು ಸಲ ಹೇಳಿದರೆ ಯಾರಿಗೆ ತಾನೇ ನಗು ಬರುತ್ತದೆ, ಹೇಳುವವನಿಗೇ ಬರುವುದಿಲ್ಲ. "ಏನು, ಏನಂದ್ರಿ?" ಎಂದು ಅವಳು ಕೇಳಿದರೆ "ಆಮೇಲೆ ಹೇಳ್ತೀನಿ" ಎನ್ನತೊಡಗಿದ. ಮಗಳೂ ಅದನ್ನೇ ಕಲಿತಳು. ಊಟದ ಹೊತ್ತಿಗೆ ಅಪ್ಪ ಮಗಳು ಹರಟೆಗಿಳಿದರೆ ಹೆಂಡತಿ ಒಮ್ಮೆ ಇವನ ಮುಖ, ಒಮ್ಮೆ ಅವಳ ಮುಖ ನೋಡಿ, ಕೊನೆಗೆ ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದಳು.

ಹೋದ ತಿಂಗಳು ಅವಳ ಅಕ್ಕ ಬಂದು ತನ್ನೂರಿಗೆ ಕರೆದುಕೊಂಡು ಹೋದಳು. ಆ ಊರಲ್ಲಿ ಕಿವಿ ಕೇಳದವರ ಒಂದು ಸಂಸ್ಥೆ ಇತ್ತು. ಅಲ್ಲಿ ಕೈಯಲ್ಲಿ ಮಾತಾಡುವುದನ್ನು ಕಲಿಸುತ್ತಾರೆ, ಹೊಲಿಗೆಯ ವಿಭಾಗವೂ ಇದೆ, ಕಲಿಸುವವರು ಬೇಕಾಗಿದ್ದಾರೆ. ವಾರ ಇದ್ದು ಬಂದವಳ ಕೈಬೆರಳುಗಳು ಬೇರೆಯೇ ಥರ ಆಡುತ್ತಿದ್ದವು. ಬಂದ ಮಾರನೆಯ ದಿನ ಗಂಡನನ್ನೂ ಮಗಳನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದಳು.

"ನಾನು ಅಲ್ಲಿಗೇ ಹೋಗಿ ಇದ್ದುಬಿಡ್ತೀನಿ ರೀ. ನಿಮ್ಮ ಮೇಲೆ ಕೋಪ ಇಲ್ಲ. ಈ ಮನೇಲಿ ನೀವಿಬ್ಬರೂ ನನಗೆ ಕಿವಿ ಕೇಳಲ್ಲ ಅನ್ನೋದನ್ನೇ ಮರೆತುಬಿಡ್ತೀರಿ. ನನ್ನ ಬೆನ್ನಿಗೆ ಮಾತಾಡ್ತೀರಿ. ಉತ್ತರ ಬರದೇ ಇದ್ದಾಗ ನೆನಪಾಗುತ್ತೆ, ಆಗ ಬೇಜಾರು ಮಾಡ್ಕೋತೀರಿ. ನಿಮಗೂ ಸಾಕಾಗಿದೆ. ನನಗೂ ಸಾಕಾಗಿದೆ."

ಮದುವೆಯಾಗಿ ಇಪ್ಪತ್ತೆರಡು ವರ್ಷ. ಅವಳಿಲ್ಲದ ಮನೆಯಲ್ಲಿ ಮೈಕು ಒಂದು ವಾರ ಇದ್ದು ನೋಡಿದ್ದ. ಯಂತ್ರಕ್ಕೆ ಮುಸುಕು ಹಾಕಿಟ್ಟ ಆ ಕೋಣೆಗೆ ಕಾಲಿಡಲಿಕ್ಕೇ ಆಗಿರಲಿಲ್ಲ. "ಒಂದು ದಿನ ಕೊಡು," ಎಂದು ಗೋಗರೆದ. "ಒಂದೇ ಒಂದು ದಿನ. ಎಲ್ಲಾದ್ರೂ ಹೋಗೋಣ. ನಾನು ಮರೆಯಲ್ಲ. ಮರೆತೆ ಅಂದ್ರೆ ನೀನು ಹೇಳಿದ ಹಾಗೇ ಆಗ್ಲಿ."

ಅವಳು ಹಲ್ಲಲ್ಲಿ ದಾರ ಕಚ್ಚಿ ತುಂಡು ಮಾಡಿ, "ಆಯ್ತು, ಒಂದು ದಿನ" ಎಂದಳು.

ಈ ಕಾಡಿನ ಯೋಚನೆ ಮಗಳದು. ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದ ಅವಳಿಗೆ ಯಾರೋ ಗಿರಾಕಿ ಈ ರಾಷ್ಟ್ರೀಯ ಉದ್ಯಾನದ ವಿಷಯ ಹೇಳಿದ್ದರು. ಅಲ್ಲಿ ಬರೀ ನೋಡುವುದಷ್ಟೇ ಅಪ್ಪ, ಕೇಳಿಸಿಕೊಳ್ಳುವಂಥದ್ದು ಏನಿದೆ, ಅಲ್ಲಿ ಅಮ್ಮ ನಮಗೆ ಸರಿಸಮ ಎಂದಳು. ಮೈಕುವಿಗೆ ಅದು ಎಷ್ಟು ಹಿಡಿಸಿತೆಂದರೆ ಹಿಂದಿನ ಸಂಜೆ ಹೋಗಿ ಮೀಸೆಯನ್ನು ತುಟಿಯಂಚಿಗೆ ಕತ್ತರಿಸಿಕೊಂಡು ಬಂದ. ಬೆಳಿಗ್ಗೆ ಹೆಂಡತಿ ಅದನ್ನು ನೋಡಿದಳು. ಬಸ್ಸಿನಲ್ಲಿ ಮತ್ತೆ ಎರಡು ಸಲ ತಿರುಗಿ ನೋಡಿದಳು.

ನೋಡಲಿಕ್ಕೆಂದು ಬಂದ ಜಾಗದಲ್ಲಿ ಕಣ್ಣಿಗೆ ಕಾಣುತ್ತಿದ್ದದ್ದು ಇಷ್ಟು: ಒದ್ದೆ ಹಲಗೆಗಳು, ಎರಡೂ ಕಡೆ ಸೊಂಟದೆತ್ತರದ ಮರದ ಕಟಕಟೆ, ಅದರಾಚೆ ಬಿಳುಪು.

ಹಲಗೆ ದಾರಿಯ ಬಾಯಲ್ಲಿ ಒಬ್ಬ ಕಾವಲುಗಾರ ನಿಂತಿದ್ದ. ಮೂಗು ಬಾಯಿ ಮುಚ್ಚುವಂತೆ ಮಫ್ಲರು ಸುತ್ತಿಕೊಂಡೇ ಏನೇನೋ ಹೇಳತೊಡಗಿದ. ಹೆಂಡತಿಯ ಕಣ್ಣು ಅವನ ಮಫ್ಲರಿನ ಮೇಲೆ ತಡಕಾಡುವುದನ್ನು ಮೈಕು ಕಂಡ. "ಒಂದು ನಿಮಿಷ ಸ್ವಾಮಿ," ಎಂದ. "ಮಫ್ಲರು ಸ್ವಲ್ಪ ಕೆಳಗಿಳಿಸಿ. ಇವರು ನಿಮ್ಮ ತುಟಿ ನೋಡ್ಬೇಕು."

ಕಾವಲುಗಾರ ತಬ್ಬಿಬ್ಬಾಗಿ ಮಫ್ಲರು ಇಳಿಸಿ, ಈ ಸಲ ಹೆಂಡತಿಯ ಕಡೆಗೇ ತಿರುಗಿ ಹೇಳಿದ. "ಕಟಕಟೆ ದಾಟಬೇಡಿ, ಆಚೆ ಕೆಸರು. ದನಿ ಎತ್ತಬೇಡಿ. ಮಂಜು ಕವಿದಾಗ ಜಿಂಕೆಗಳು ಧೈರ್ಯವಾಗಿ ನೀರಿಗೆ ಇಳೀತವೆ. ಅದೃಷ್ಟ ಇದ್ರೆ ಹತ್ತಿರದಲ್ಲೇ ಕಾಣ್ತವೆ. ಸದ್ದಾಯ್ತು ಅಂದ್ರೆ ಮುಗೀತು, ಬಾಲಾನೂ ಕಾಣಲ್ಲ."

"ದನಿ ಎತ್ತಬಾರದಂತೆ ಅಪ್ಪ," ಎಂದು ಮಗಳು ಅಮ್ಮನಿಗೆ ಕಾಣುವ ಹಾಗೆ ಬಾಯಿ ಅಗಲಿಸಿ ಹೇಳಿದಳು. "ನೀನು ಉಸಿರೂ ಬಿಡೋ ಹಾಗಿಲ್ಲ." ಹೆಂಡತಿ ನಕ್ಕಳು. ಮೈಕುವಿನ ಎದೆ ಹಗುರಾಯಿತು. ಒಂದು ಗೆದ್ದೆ ಎಂದುಕೊಂಡ.

ಮೊದಲ ತಿರುವಿನವರೆಗೂ ಎಲ್ಲ ಸರಿಯಾಗಿಯೇ ನಡೆಯಿತು. ಏನಾದರೂ ಹೇಳಬೇಕಾದರೆ ಅವನು ನಿಲ್ಲುತ್ತಿದ್ದ, ಅವಳ ತೋಳು ಮುಟ್ಟುತ್ತಿದ್ದ, ಎದುರು ನಿಂತು ಹೇಳುತ್ತಿದ್ದ. ಹೇಳಲಿಕ್ಕೆ ಅಂಥದ್ದೇನೂ ಇರಲಿಲ್ಲ. ಹಲಗೆ ಜಾರುತ್ತೆ, ಚಳಿ ಆಗ್ತಿದೆಯಾ, ಚಹಾ ಬೇಕಾ, ಇಷ್ಟೇ. ಹೊಸ ಅಳಿಯನ ಹಾಗೆ ಪ್ರತಿಯೊಂದಕ್ಕೂ ನಿಂತು ನಿಂತು ಕೇಳುವುದು ಅವನಿಗೇ ಸ್ವಲ್ಪ ನಾಟಕ ಅನ್ನಿಸುತ್ತಿತ್ತು.

ತಿರುವಿನಲ್ಲಿ ಒಂದು ಅಟ್ಟಣೆ ಇತ್ತು. ದುರ್ಬೀನಿಗೆ ಟಾರ್ಪಾಲಿನ ಚೀಲ ಹಾಕಿ ಬಿಗಿದಿದ್ದರು. ಪಕ್ಕದಲ್ಲಿ ದೊಡ್ಡದೊಂದು ಬಣ್ಣದ ಫಲಕ, "ಇಲ್ಲಿಂದ ಕಾಣುವ ದೃಶ್ಯ" ಎಂದು. ಅದರಲ್ಲಿ ನೀಲಿ ಕೆರೆ, ಮೂರು ಬೆಟ್ಟ, ಹಾರುವ ಕೊಕ್ಕರೆ, ನಗುತ್ತಿರುವ ಸೂರ್ಯ ಎಲ್ಲ ಇದ್ದವು. ಮೂವರೂ ಫಲಕ ನೋಡಿದರು, ತಲೆ ಎತ್ತಿ ಆಚೆಯ ಬಿಳಿ ಗೋಡೆ ನೋಡಿದರು, ಮತ್ತೆ ಫಲಕ ನೋಡಿದರು. ಹೆಂಡತಿಗೆ ನಗು ಉಕ್ಕಿ ಬಂತು. ತನ್ನ ದನಿ ತನಗೆ ಕೇಳದವಳು, ಅಳತೆ ಇಲ್ಲದ ಗಟ್ಟಿ ದನಿಯಲ್ಲಿ "ಕೊಕ್ಕರೆ ಎಷ್ಟು ಚೆನ್ನಾಗಿದೆ ರೀ!" ಎಂದು ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

ಹಿಂದಿನಿಂದ ಇನ್ನೊಂದು ಕುಟುಂಬ ಬರುತ್ತಿತ್ತು. ಮಗಳು ಅಭ್ಯಾಸಬಲದಿಂದ ಅಮ್ಮನ ಮಣಿಕಟ್ಟು ಮುಟ್ಟಿ ಎರಡು ಬೆರಳನ್ನು ಕೆಳಮುಖ ಮಾಡಿ ತೋರಿಸಿದಳು. ಮನೆಯಲ್ಲಿ ಅದಕ್ಕೆ ದನಿ ತಗ್ಗಿಸು ಎಂದು ಅರ್ಥ. ಬಸ್ಸಿನಲ್ಲಿ, ಅಂಗಡಿಯಲ್ಲಿ, ನೆಂಟರ ಎದುರು ಆ ಎರಡು ಬೆರಳು ದಿನಕ್ಕೆ ಎಷ್ಟು ಸಲ ಇಳಿಯುತ್ತಿದ್ದವೋ. ಹೆಂಡತಿಯ ನಗು ನಿಂತಿತು. ಬಾಯಿ ಮುಚ್ಚಿಕೊಂಡು ಸೆರಗು ಸರಿಮಾಡಿಕೊಂಡಳು. ಮೈಕು ನೋಡಿದ, ನೋಡಿ ಸುಮ್ಮನಿದ್ದ. ಅಲ್ಲಿಂದ ಮುಂದೆ ಅವಳು ನಾಲ್ಕು ಹೆಜ್ಜೆ ಹಿಂದೆ ನಡೆಯತೊಡಗಿದಳು.

"ಅಮ್ಮ ಎಷ್ಟು ನಕ್ಕಳು ನೋಡಿದೆಯಾ?" ಎಂದಳು ಮಗಳು, ಮುಂದೆ ನೋಡಿಕೊಂಡೇ. "ನನಗನ್ಸುತ್ತೆ ಅಪ್ಪ, ಅವಳು ಹೋಗಲ್ಲ."

"ನನಗೂ ಹಾಗೇ ಅನ್ನಿಸ್ತಿದೆ."

"ಹೋದ್ರೆ ನಾನೇನು ಮಾಡ್ಲಿ? ಅಂಗಡಿಯಿಂದ ಬಂದ್ರೆ ಮನೇಲಿ ದೀಪ ಇರಲ್ಲ. ಆ ವಾರ ಪೂರ್ತಿ ನಾನು ಬೀದಿ ಕೊನೇಲಿ ನಿಂತು ನೀನು ಬರೋವರೆಗೂ ಕಾದಿದ್ದೀನಿ, ಗೊತ್ತಾ? ಒಬ್ಬಳೇ ಒಳಗೆ ಹೋಗೋಕೆ ಮನಸ್ಸು ಬರ್ತಿರಲಿಲ್ಲ."

ಮೈಕುವಿಗೆ ಇದು ಗೊತ್ತಿರಲಿಲ್ಲ. ಅವಳ ತಲೆ ಸವರಿದ. ಅವಳ ಮುಖ ಅರಳಲೆಂದು ಮಂಡಿಯ ಒಂದು ಪ್ರಸಂಗ ತೆಗೆದ. ಹಸಿಮೆಣಸಿನಕಾಯಿ ಹರಾಜಿನ ನಡುವೆ ಒಬ್ಬ ದಲ್ಲಾಳಿಗೆ ಸೀನು ಬಂದು, ಅದನ್ನೇ ಬೆಲೆಯ ಕೂಗು ಎಂದುಕೊಂಡು ಇಡೀ ರಾಶಿಯನ್ನು ಅವನ ತಲೆಗೆ ಕಟ್ಟಿದ ಕಥೆ. ದಲ್ಲಾಳಿಯ ದನಿ, ಸೀನು, ಅವನ ಹೆಂಡತಿ ಫೋನಿನಲ್ಲಿ ಅರಚಿದ್ದು, ಎಲ್ಲ ಬಂತು. ಮಗಳು ಕಟಕಟೆ ಹಿಡಿದುಕೊಂಡು ನಕ್ಕಳು. ಇಬ್ಬರೂ ನಗುತ್ತಾ ಎಷ್ಟು ದೂರ ಬಂದರೋ. ನಗು ಇಳಿದ ಮೇಲೆ ಮೈಕು ಹಿಂದಕ್ಕೆ ತಿರುಗಿ "ಏನಂತೀಯ?" ಎಂದ.

ಹಿಂದೆ ಹಲಗೆಗಳಿದ್ದವು. ನಾಲ್ಕು ಮಾರು ದೂರದಲ್ಲಿ ಅವೂ ಮಂಜಿನೊಳಗೆ ಸೇರಿಹೋಗಿದ್ದವು.

"ಇವಳೇ?" ಎಂದ. ಮಂಜಿನೊಳಗೆ ಹತ್ತು ಹೆಜ್ಜೆ ಹಿಂದಕ್ಕೆ ಹೋದ. ಯಾರೂ ಇಲ್ಲ. ಕಟಕಟೆಯಾಚೆ ಎಲ್ಲೋ ನೀರು ಗುಳಗುಳ ಅಂದಿತು. ಕಾವಲುಗಾರ ಹೇಳಿದ ಕೆಸರಿನ ಮಾತು ನೆನಪಾಯಿತು. ಎರಡೂ ಅಂಗೈಯನ್ನು ಬಾಯಿಯ ಇಕ್ಕೆಲ ಹಿಡಿದು, ಎದೆ ತುಂಬ ಗಾಳಿ ಎಳೆದುಕೊಂಡು ಕೂಗಿದ.

"ಇವಳೇ! ಏ ಇವಳೇ! ಎಲ್ಲಿದ್ದೀಯೇ?"

ಮಂಡಿಯನ್ನು ಎಬ್ಬಿಸುವ ದನಿ ಅದು. ಕೆರೆಯ ಮೇಲೆ ಹಾಯ್ದು ಎಲ್ಲಿಗೋ ಬಡಿದು ವಾಪಸು ಬಂತು. ಯಾವುದೋ ಹಕ್ಕಿಗಳು ಪಟಪಟನೆ ಎದ್ದವು. "ಅಮ್ಮಾ! ಅಮ್ಮಾ!" ಎಂದು ಮಗಳೂ ಸೇರಿದಳು. ಹಿಂದಿದ್ದ ಕುಟುಂಬ ಗಾಬರಿಯಿಂದ ಓಡಿ ಬಂತು. ಏನಾಯ್ತು, ಯಾರು, ಎಂಥ ಸೀರೆ ಎಂದು ಕೇಳಿದ ಆ ಮನೆಯ ಯಜಮಾನ ತಾನೂ ಕಟಕಟೆಗೆ ಬಾಗಿ "ಅಕ್ಕಾ! ಅಕ್ಕಾವ್ರೇ!" ಎಂದು ಕೂಗಿದ. ಅವನ ಮಕ್ಕಳಿಗೆ ಇದೊಂದು ಆಟದಂತೆ ಕಂಡು ಅವರೂ ಅರಚತೊಡಗಿದರು. ದೂರದಲ್ಲಿ ಕಾವಲುಗಾರನ ಸೀಟಿ ಮೊಳಗಿತು.

ಮೈಕು ಕೂಗಿದ, ಕಿವಿಗೊಟ್ಟ, ಮತ್ತೆ ಕೂಗಿದ. ಮಂಡಿಯಲ್ಲಿ ಹೊಟ್ಟೆಯಿಂದ ದಮ್ಮು ಕಟ್ಟಿ ಗಂಟಲಿಗೆ ನೋವಾಗದಂತೆ ಇಡೀ ಬೆಳಗು ಕೂಗುವುದು ಅವನಿಗೆ ಗೊತ್ತಿತ್ತು. ಭಯದಲ್ಲಿ ಕೂಗಿ ಅಭ್ಯಾಸವಿರಲಿಲ್ಲ. ಆರೇಳು ಕೂಗಿಗೆ ದನಿ ಸೀಳಿತು. ಆಮೇಲೆ ಬಂದದ್ದು ಹರಿದ ಬಟ್ಟೆಯಂಥ ಸದ್ದು. ಅದರಲ್ಲೇ ಕೂಗುತ್ತಾ ಹೋದ.

ಆ ಕುಟುಂಬದ ಅಜ್ಜಿ ಸೊಸೆಯ ಕೈಹಿಡಿದು ನಿಧಾನವಾಗಿ ಬಂದು ಸೇರಿದಳು. ಸ್ವಲ್ಪ ಹೊತ್ತು ನಿಂತು ಈ ಗದ್ದಲವನ್ನೆಲ್ಲ ಕೇಳಿದಳು. ಆಮೇಲೆ ಬೇಸತ್ತು ಹೇಳಿದಳು. "ಇಷ್ಟು ಜನ ಬಾಯಿ ಹರ್ಕೊಂಡ್ರೂ ಓ ಅಂತಿಲ್ವಲ್ಲಪ್ಪ ನಿನ್ನ ಹೆಂಡ್ತಿ. ಏನು, ಅವಳಿಗೆ ಕಿವಿ ಕೇಳಲ್ವಾ?"

ಮೈಕುವಿನ ಕೈಗಳು ಬಾಯಿಯ ಬಳಿಯೇ ಇದ್ದವು. ಅವನು ಮಗಳನ್ನು ನೋಡಿದ. ಮಗಳ ಮುಖ ಬೆಳ್ಳಗಾಗಿತ್ತು. ಅಪ್ಪ ಮಗಳಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ಕಳ್ಳರ ಹಾಗೆ ನಿಂತರು. ಆ ಕುಟುಂಬದವರೆಲ್ಲ ಉತ್ತರಕ್ಕೆ ಕಾಯುತ್ತಿದ್ದರು. ಮೈಕು ಕೈ ಇಳಿಸಿದ.

"ಹೌದಮ್ಮ," ಎಂದ. "ಕೇಳಲ್ಲ."

ಅಜ್ಜಿ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಯಜಮಾನ ತನ್ನ ಮಕ್ಕಳಿಗೆ ಸುಮ್ಮನಿರಿ ಎಂದು ಗದರಿದ. ಅಷ್ಟರಲ್ಲಿ ಕಾವಲುಗಾರ ಏದುಸಿರು ಬಿಡುತ್ತಾ ಬಂದು, ಬೈಯಲು ಬಾಯಿ ತೆರೆದವನು ಮೈಕುವಿನ ಮುಖ ನೋಡಿ ತಡೆದ. "ಹಿಂದೆ ಒಂದು ಕವಲು ಇದೆ," ಎಂದ. "ನೀರಿನವರೆಗೂ ಇಳಿಯುತ್ತೆ. ಅಲ್ಲಿಗೆ ಹೋಗಿರ್ತಾರೆ. ಕಟಕಟೆ ಗಟ್ಟಿ ಇದೆ, ಏನೂ ಆಗಿರಲ್ಲ, ಬನ್ನಿ."

ಕವಲಿನ ಕೊನೆಯಲ್ಲಿ ಒಂದು ಚಿಕ್ಕ ಹಲಗೆ ಕಟ್ಟೆ. ಅಲ್ಲಿ ಅವಳು ನಿಂತಿದ್ದಳು, ಇವರಿಗೆ ಬೆನ್ನು ಮಾಡಿ, ಕಟಕಟೆಯ ಮೇಲೆ ಎರಡೂ ಕೈ ಇಟ್ಟು. ಅವರು ಅರಚುತ್ತಿದ್ದ ಜಾಗಕ್ಕೂ ಇದಕ್ಕೂ ಹೆಚ್ಚು ದೂರವಿರಲಿಲ್ಲ, ಮಂಡಿಯ ಒಂದು ಶೆಡ್ಡಿನಷ್ಟು. ಕೂಗಳತೆ ದೂರ ಅನ್ನುತ್ತಾರಲ್ಲ, ಅಷ್ಟೂ ಇಲ್ಲ. ಮೈಕುವಿಗೆ ಅಳು ಬಂತು. ಕೆಸರಿನಲ್ಲಿ ಅವಳ ಸೀರೆಯ ಸೆರಗು ತೇಲುವುದನ್ನು ಅವನು ಆಗಲೇ ಮನಸ್ಸಿನಲ್ಲಿ ನೋಡಿ ಮುಗಿಸಿದ್ದ.

ಹಿಂದಿನಿಂದ ಹೋಗಿ ಮುಟ್ಟಿದರೆ ಅವಳು ಬೆಚ್ಚಿಬೀಳುತ್ತಾಳೆ. ಅವನು ಹಲಗೆಯ ಮೇಲೆ ಎರಡು ಸಲ ಕಾಲು ಕುಟ್ಟಿದ. ಅದುರು ಅಂಗಾಲಿಗೆ ತಾಗಿ ಅವಳು ತಿರುಗಿದಳು. ಅವಳ ಮುಖ ನೋಡಿ ಅವನು ಅಲ್ಲೇ ನಿಂತುಬಿಟ್ಟ. ಅಷ್ಟು ಬೆಳಕಿನ ಮುಖವನ್ನು ಅವನು ಮೂರು ವರ್ಷದಿಂದ ನೋಡಿರಲಿಲ್ಲ.

"ಜಿಂಕೆ ರೀ!" ಎಂದಳು. "ಒಂದಲ್ಲ ಎರಡಲ್ಲ, ಒಂದು ಹಿಂಡು. ಮರಿ ಇತ್ತು. ಇಲ್ಲೇ, ಕೈ ಚಾಚಿದ್ರೆ ಸಿಗೋ ಹಾಗೆ. ನೀರು ಕುಡೀವಾಗ ಮೂಗಿಂದ ಹಬೆ ಬರ್ತಿತ್ತು. ನಿಮ್ಮನ್ನ ಕರೀಬೇಕು ಅಂದ್ಕೊಂಡೆ. ಕರೆದ್ರೆ ನನ್ನ ದನಿ ಎಷ್ಟು ಜೋರಾಗಿ ಬರುತ್ತೋ ಏನೋ, ಓಡಿಹೋಗ್ತವೆ ಅಂತ ಬಾಯಿ ಬಿಗಿ ಹಿಡ್ಕೊಂಡು ನಿಂತೆ." ಅವಳ ದನಿ ಇಳಿಯಿತು. "ಆದ್ರೂ ಓಡಿಹೋದ್ವು. ಒಮ್ಮೆಲೇ ಎಲ್ಲ ತಲೆ ಎತ್ತಿ ಒಂದೇ ಕಡೆ ನೋಡಿದ್ವು. ನಾನೂ ನೋಡ್ದೆ. ಏನೂ ಇರಲಿಲ್ಲ, ಬರೀ ಮಂಜು. ಆ ಮರಿ ಜಾರಿಬಿತ್ತು ರೀ, ಎದ್ದು ತಾಯಿ ಹಿಂದೆ ಓಡ್ತು. ನಾನೇನು ಮಾಡಿದ್ನೋ. ಕೆಮ್ಮಿಬಿಟ್ನಾ? ಬಳೆ ಸದ್ದಾಯ್ತಾ? ನನಗೆ ಗೊತ್ತಾಗಲ್ವಲ್ಲ."

ಮಗಳು ಓಡಿ ಹೋಗಿ ಅಮ್ಮನನ್ನು ಹಿಂದಿನಿಂದ ತಬ್ಬಿಕೊಂಡಳು. ಅವಳ ಗಲ್ಲ ಅಮ್ಮನ ಭುಜದ ಮೇಲಿತ್ತು. ಅಲ್ಲಿಂದಲೇ ಅಪ್ಪನನ್ನು ನೋಡುತ್ತಾ, ದನಿಯನ್ನೇನೂ ತಗ್ಗಿಸದೆ ಹೇಳಿದಳು. "ಅಪ್ಪ, ಹೇಳ್ಬೇಡ. ದಮ್ಮಯ್ಯ. ನಾವು ಕೂಗಿದ್ದು ಅಮ್ಮನಿಗೆ ಗೊತ್ತಿಲ್ಲ. ಏನೋ ಪ್ರಾಣಿ ಬಂದಿರ್ಬೇಕು ಅನ್ನು. ಅವಳಾಗೇ ಮರೀತಾಳೆ. ಮನೇಲೇ ಉಳೀತಾಳೆ."

ಕಾವಲುಗಾರನಿಗೆ ಕೇಳಿಸಿತು. ಹಿಂದೆಯೇ ಬಂದು ನಿಂತಿದ್ದ ಆ ಅಜ್ಜಿಗೂ ಕೇಳಿಸಿತು. ಮಗಳ ಬಾಯಿಗೂ ಹೆಂಡತಿಯ ಕಿವಿಗೂ ನಡುವೆ ನಾಲ್ಕು ಬೆರಳಿನ ಅಂತರ. ಹೆಂಡತಿ ಮಗಳ ಕೈಮೇಲೆ ಕೈಯಿಟ್ಟು, ಗಂಡನ ಮುಖವನ್ನೇ ನೋಡುತ್ತಾ ಉತ್ತರಕ್ಕೆ ಕಾಯುತ್ತಿದ್ದಳು.

ಹೇಳದಿದ್ದರೆ ಆಯಿತಲ್ಲ ಎಂದು ಮೈಕುವಿಗೂ ಅನ್ನಿಸಿತು. ಯಾಕೆ ಅನ್ನಿಸಬಾರದು, ಅವನೂ ಮನುಷ್ಯನೇ. ಮಗಳು ಬೀದಿ ಕೊನೆಯಲ್ಲಿ ನಿಂತು ಕಾದದ್ದು, ಮುಸುಕು ಹಾಕಿದ ಯಂತ್ರ, ಎಲ್ಲ ಕಣ್ಣಮುಂದೆ ಬಂತು. ಒಂದು ಸುಳ್ಳು, ಅದೂ ಪುಟ್ಟದು. ಆದರೆ ಅವಳು ಮನೆಗೆ ಹೋಗಿ, ಯಂತ್ರದ ಮುಂದೆ ಕೂತು, ತಾನೇ ಕೆಮ್ಮಿ ಆ ಮರಿಯನ್ನು ಬೀಳಿಸಿದೆ ಎಂದುಕೊಂಡು ಇರುತ್ತಾಳೆ. ಮುಂದಿನ ಸಲ ನಗುವ ಮೊದಲೇ ಬಾಯಿ ಮುಚ್ಚಿಕೊಳ್ಳುತ್ತಾಳೆ. ಅವಳ ಭುಜದ ಮೇಲೆ ಯಾರದೋ ಗಲ್ಲ, ಬೆನ್ನ ಹಿಂದೆ ಯಾವುದೋ ಮಾತು. ಅವಳು ಹೋಗುತ್ತೇನೆ ಅಂದದ್ದು ಇದರಿಂದಲೇ ಅಲ್ಲವೇ.

ಅವನು ಎರಡು ಹೆಜ್ಜೆ ಮುಂದೆ ಬಂದು, ಬೆಳಕು ತನ್ನ ಮುಖಕ್ಕೆ ಬೀಳುವಂತೆ ನಿಂತ.

"ನೀನೇನೂ ಮಾಡಿಲ್ಲ," ಎಂದ. "ನಾನು ಕೂಗಿದೆ."

"ಯಾರನ್ನ?"

"ನಿನ್ನನ್ನ."

ಅವಳು ಹುಬ್ಬು ಗಂಟಿಕ್ಕಿದಳು. ತುಟಿ ಓದಿದ್ದು ತಪ್ಪಾಯಿತೆಂದುಕೊಂಡು, "ನನ್ನನ್ನಾ? ನನ್ನನ್ನ ಕೂಗಿದ್ರಾ?" ಎಂದಳು.

"ಕೂಗಿದೆ. ಇವಳೂ ಕೂಗಿದ್ಲು. ಪಾಪ, ಅವರೂ ಕೂಗಿದ್ರು. ಎಲ್ಲರೂ ಸೇರಿ ಕೂಗಿದ್ವಿ. ನೀನು ಕಾಣಲಿಲ್ಲ, ಕೈಕಾಲು ಬಿದ್ದುಹೋಯ್ತು ಕಣೆ. ನೆನಪೇ ಆಗಲಿಲ್ಲ."

ಅವಳು ಮೊದಲು ನಕ್ಕಳು. ನಗುವಂಥದ್ದೇ ಆಗಿತ್ತು ಅದು. ಇಷ್ಟು ಜನ ಕೆರೆಯ ಸುತ್ತ ನಿಂತು ಕಿವಿ ಕೇಳದವಳೊಬ್ಬಳನ್ನು ಬಾಯಿ ಹರಿದುಕೊಂಡು ಕರೆಯುವುದು, ಅವಳ ಹೊರತು ಕಾಡಿನಲ್ಲಿದ್ದ ಪ್ರತಿಯೊಂದು ಪ್ರಾಣಿಗೂ ಅದು ಕೇಳಿಸುವುದು. ನಗುತ್ತಾ ನಗುತ್ತಾ ಅವಳ ಮುಖ ಒಡೆಯಿತು. ಸೆರಗನ್ನು ಬಾಯಿಗೊತ್ತಿಕೊಂಡು ಅಳತೊಡಗಿದಳು. ಅವಳ ಅಳುವಿಗೂ ಅಳತೆ ಇರಲಿಲ್ಲ. ಕೆರೆಯ ಮೇಲೆಲ್ಲ ಹರಡಿತು. ಮಗಳು ಅವಳ ಭುಜದಲ್ಲಿ ಮುಖ ಹುದುಗಿಸಿ ತಾನೂ ಅತ್ತಳು. ಕಾವಲುಗಾರ ಮಫ್ಲರು ಮೇಲೆಳೆದುಕೊಂಡು ದೂರ ಸರಿದ, ಅಜ್ಜಿಯನ್ನೂ ಕರೆದುಕೊಂಡು ಹೋದ.

ಎಷ್ಟೋ ಹೊತ್ತಾದ ಮೇಲೆ ಹೆಂಡತಿ ಕಣ್ಣೊರೆಸಿಕೊಂಡು ಗಂಡನ ಕುತ್ತಿಗೆಯ ಕಡೆ ನೋಡಿದಳು. ನರಗಳು ಇನ್ನೂ ಉಬ್ಬಿದ್ದವು. "ಗಂಟಲು ಹರಿದುಹೋಗಿದೆಯಾ?" ಎಂದಳು.

ಅವನು ತಲೆಯಾಡಿಸಿದ.

"ಬಿಸಿಯಾಗಿ ಏನಾದ್ರೂ ಕುಡೀರಿ. ನಾಳೆ ಹರಾಜಿದೆ." ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿ ಕೊಟ್ಟಳು. ಅವನು ಕುಡಿಯುವುದನ್ನೇ ನೋಡುತ್ತಾ ನಿಂತು, ಮುಚ್ಚಳ ವಾಪಸು ಇಸಿದುಕೊಳ್ಳುವಾಗ ಹೇಳಿದಳು. "ಭಾನುವಾರ ಹೊರಡ್ತೀನಿ ರೀ."

"ಹ್ಞೂಂ," ಎಂದ ಮೈಕು. ಕಟಕಟೆ ಹಿಡಿದುಕೊಂಡ. ಮಗಳು ಬ್ರೆಡ್ಡಿನ ಚೀಲ ಎತ್ತಿಕೊಂಡಳು.

ಹಲಗೆ ದಾರಿ ಸೇರಿದ ಮೇಲೆ ಹೆಂಡತಿ ಅವನ ತೋಳು ತಟ್ಟಿದಳು. "ಆಗ ನೀವಿಬ್ಬರೂ ಮುಂದೆ ಏನೋ ಹೇಳ್ಕೊಂಡು ನಗ್ತಿದ್ರಿ. ಬೆನ್ನು ಅಲುಗೋದು ಕಾಣ್ತಿತ್ತು. ಏನದು?"

ಗೇಟು ಇನ್ನೂ ದೂರವಿತ್ತು. ಬಸ್ಸು ಕಾಯುತ್ತಿತ್ತು. ನಿಂತು ಹೇಳಿದರೆ ಹೊತ್ತಾಗುತ್ತದೆ, ನಡೆಯುತ್ತಾ ಹೇಳಿದರೆ ಅವಳಿಗೆ ಕಾಣುವುದಿಲ್ಲ. ಮೈಕು ಒಂದು ಕ್ಷಣ ಯೋಚಿಸಿದ. ಆಮೇಲೆ ಅವಳಿಗೆ ಮುಖ ಮಾಡಿ ತಿರುಗಿ ನಿಂತು, ಹಿಮ್ಮುಖವಾಗಿ ಒಂದು ಹೆಜ್ಜೆ ಇಟ್ಟ, ಇನ್ನೊಂದು ಇಟ್ಟ, ಹಾಗೇ ನಡೆಯತೊಡಗಿದ. ಮೆಣಸಿನಕಾಯಿ, ದಲ್ಲಾಳಿ, ಸೀನು. ದನಿ ಪೂರ್ತಿ ಹೋಗಿತ್ತು. ಬಾಯಿಂದ ಬರುತ್ತಿದ್ದದ್ದು ಬರೀ ಉಸಿರು. ತುಟಿಗಳು ಮಾತ್ರ ಒಂದೊಂದು ಮಾತನ್ನೂ ಬಿಡಿಸಿ ಬಿಡಿಸಿ ಇಡುತ್ತಿದ್ದವು. ಅವಳು ಅದರ ಮೇಲೆ ಕಣ್ಣು ನೆಟ್ಟು ನಡೆಯುತ್ತಿದ್ದಳು.

"ಏನಪ್ಪಾ?" ಎಂದಳು ಮಗಳು ಅಮ್ಮನ ಹಿಂದಿನಿಂದ. "ಏನು ಹೇಳ್ತಿದ್ದೀಯ? ನನಗೇನೂ ಕೇಳ್ತಿಲ್ಲ."

ಅವನು ದಲ್ಲಾಳಿಯ ಹೆಂಡತಿಯವರೆಗೆ ಬಂದಿದ್ದ. ಅಷ್ಟರಲ್ಲಿ ದಾರಿ ತಿರುಗಿತು. ಹೆಂಡತಿ ಅವನ ತುಟಿಯಿಂದ ಕಣ್ಣು ತೆಗೆಯದೆ ಬಲಗೈಯನ್ನು ಸ್ವಲ್ಪ ಮೇಲೆತ್ತಿ ಪಕ್ಕಕ್ಕೆ ಆಡಿಸಿದಳು. ಅವನು ಆ ಕಡೆಗೆ ಸರಿದು, ಹಿಂದಕ್ಕೆ ನೋಡದೆ, ನಡೆಯುತ್ತಾ ಹೋದ.